ಉಣ್ಣೆಯೊಳಗಿನ ಸಾವಿನ ಗಂಟು

ನಾರಿನ್ ಊರಿನ ಬ್ಯಾಂಕಿನ ಬಾಗಿಲಲ್ಲಿ ನಿಂತು ನಿಂತು ನನ್ನ ಮಂಡಿ ಸವೆದಿದೆ. ಕಾವಲುಗಾರನ ಕೆಲಸವೆಂದರೆ ಏನೂ ಆಗದಂತೆ ನೋಡಿಕೊಳ್ಳುವುದು. ಏನೂ ಆಗದೇ ಇರುವಾಗ ಅವನು ಹೊತ್ತು ಹೇಗೆ ಕಳೆಯಬೇಕೆಂದು ಯಾರೂ ಹೇಳಿಕೊಟ್ಟಿಲ್ಲ. ನಾನು ಬುರ್ಮಾಕನ್ ಎಜೆ ಕೂರುವ ಕೌಂಟರನ್ನು ನೋಡುತ್ತ ನಿಲ್ಲುತ್ತಿದ್ದೆ. ಎಜೆ ಎಂದರೆ ನಮ್ಮಲ್ಲಿ ಅಕ್ಕ. ಹರಿದ, ಸುಟ್ಟ, ಬಣ್ಣ ಬಿಟ್ಟ ನೋಟುಗಳನ್ನು ತೆಗೆದುಕೊಂಡು ಹೊಸದು ಕೊಡುವ ಕೌಂಟರ್ ಅದು. ಬೆಳಗಿನ ಬಿಸಿಲು ನದಿಯಾಚೆಯ ಬೋಳು ಗುಡ್ಡ ದಾಟಿ ಒಳಗೆ ಬಂದರೆ ಮೊದಲು ಅಲ್ಲಿಗೇ ಬೀಳುತ್ತಿತ್ತು. ಆ ಬಿಸಿಲಲ್ಲಿ ಎಜೆ ಒಂದೊಂದು ನೋಟನ್ನೂ ಎತ್ತಿ ಹಿಡಿದು ನೋಡುವಾಗ ಅವಳ ಮುಖದ ಮೇಲೆ ಬಣ್ಣದ ನೆರಳಾಡುತ್ತಿತ್ತು. ಒಮ್ಮೊಮ್ಮೆ ಹಿಡಿದ ನೋಟನ್ನು ಕೆಳಗಿಡುವುದನ್ನೇ ಮರೆತು ಹಾಗೆಯೇ ಕೂತುಬಿಡುತ್ತಿದ್ದಳು. ಸಾಲಲ್ಲಿ ನಿಂತವರು ಕೆಮ್ಮಿದರೂ ಅವಳಿಗೆ ಕೇಳುತ್ತಿರಲಿಲ್ಲ, ಆಗ ನಾನೇ ಬೂಟಿನಿಂದ ನೆಲ ಕುಟ್ಟಬೇಕಿತ್ತು.

"ಎಲ್ಲಿಗೆ ಹೋಗಿದ್ರಿ ಎಜೆ?" ಅಂತ ಮಧ್ಯಾಹ್ನ ಚಹಾ ಕುಡಿಯುವಾಗ ಕೇಳಿದರೆ ಅವಳು ನಗುತ್ತಿದ್ದಳು.

"ಈ ನೋಟು ನೋಡು ಮಾಂಬೆತ್, ಕುದುರೆ ಹಾಲಿನ ವಾಸನೆ. ಹಾಲು ಹುಳಿಹಾಕೋ ಚರ್ಮದ ಚೀಲದ ಪಕ್ಕದಲ್ಲಿ ಬೇಸಿಗೆಯೆಲ್ಲ ಮಲಗಿದೆ. ಅಲ್ಲಿಗೇ ಹೋಗಿದ್ದೆ."

"ನನಗೆ ಬರೀ ಕೊಳಕು ವಾಸನೆ ಬರ್ತಿದೆ."

"ನಿನ್ನ ಮೀಸೆ ಒಂದು ಸಲ ತೊಳ್ಕೊಂಡು ಬಾ, ಆಮೇಲೆ ಮೂಸು."

ಹೊಸ ಸೊಸೆಯ ಮುಖವನ್ನಾಗಲಿ ಎಳೆಗೂಸಿನ ಮುಖವನ್ನಾಗಲಿ ನಮ್ಮಲ್ಲಿ ಬರಿಗೈಯಲ್ಲಿ ನೋಡುವುದಿಲ್ಲ. ಮೊದಲ ಸಲ ನೋಡಿದವರು ಕೈಗೆ ಬಂದದ್ದೇನಾದರೂ ಮುಖ ನೋಡಿದ ಕಾಣಿಕೆಯಾಗಿ ಕೊಡಲೇಬೇಕು. ಎಜೆಯ ಹುಚ್ಚು ಎಲ್ಲಿಯವರೆಗೆ ಎಂದರೆ ರಾಜಧಾನಿಯಿಂದ ಹೊಸ ಬಗೆಯ ನೋಟು ಮೊದಲ ಸಲ ಬಂದಾಗ ಅದರ ಮುಂದೂ ಒಂದು ಸಕ್ಕರೆ ಮಿಠಾಯಿ ಇಡುತ್ತಿದ್ದಳು. ಮಧ್ಯಾಹ್ನದ ಹೊತ್ತಿಗೆ ಆ ಮಿಠಾಯಿ ನಾನೇ ತಿನ್ನುತ್ತಿದ್ದೆ. ಆ ವಿಷಯದಲ್ಲಿ ನಾನು ದೂರಲಾರೆ.

ಜನ ಕೇಳುವ ಪ್ರಶ್ನೆಗಳಿಗೆ ಮಾತ್ರ ತಲೆಬುಡ ಇರುತ್ತಿರಲಿಲ್ಲ. ಒಬ್ಬ ದನಗಾಹಿ ಬಂದು, "ಎಜೆ, ಹಸು ನೋಟನ್ನ ಕಚ್ಚಿಬಿಟ್ಟಿದೆ, ಉಳಿದಿದ್ದಕ್ಕೆ ಎಷ್ಟು ಕೊಡ್ತೀರಾ?" ಅನ್ನುತ್ತಿದ್ದ.

"ಅರ್ಧಕ್ಕಿಂತ ಜಾಸ್ತಿ ಇದ್ರೆ ಪೂರ್ತಿ ಕೊಡ್ತೀನಿ. ಕಮ್ಮಿ ಇದ್ರೆ ನಿನ್ನ ಹಸುನೇ ಕೇಳ್ಬೇಕು ಕಣಪ್ಪ."

ಮಗುವಿನ ಟೋಪಿಗೆ ಹೊಲಿಯಲೆಂದು ತೂತು ಕೊರೆದ ನಾಣ್ಯವನ್ನು ಅಂಗಡಿಯವನು ಮುಟ್ಟುತ್ತಿಲ್ಲ ಎಂದು ಒಬ್ಬಳು ಜಗಳಕ್ಕೇ ಬಂದಿದ್ದಳು. "ಟೋಪಿಯಿಂದ ಯಾಕೆ ಬಿಚ್ಚಿದೆ? ಹೋಗಿ ವಾಪಸ್ ಹೊಲಿ, ಮಗು ತಲೆ ಮೇಲೇ ಅದಕ್ಕೆ ಬೆಲೆ" ಎಂದು ಎಜೆ ಕಳಿಸಿದಳು. ಪಿಂಚಣಿ ದಿನ ತಪ್ಪದೆ ಬರುವ ಒಬ್ಬ ಮುದುಕನಿಗಂತೂ ಒಂದೇ ಪ್ರಶ್ನೆ. "ಮಗಳೇ, ನೋಟು ಅಚ್ಚು ಹಾಕೋ ಮಿಷನ್ನು ನಿಮ್ಮದೇ ಅಲ್ವಾ? ಒಂದಿನ ಸ್ವಲ್ಪ ಜಾಸ್ತಿ ಹೊತ್ತು ಓಡಿಸಿದ್ರೆ ನಿಮ್ಮ ಗಂಟೇನು ಹೋಗುತ್ತೆ?"

"ಹಾಲಿಗೆ ನೀರು ಹಾಕಿದ್ರೆ ಹಾಲು ಜಾಸ್ತಿ ಆಗುತ್ತಾ ತಾತ?"

"ನನ್ನ ಸೊಸೆ ದಿನಾ ಹಾಕ್ತಾಳೆ. ಜಾಸ್ತಿ ಆಗುತ್ತಲ್ಲ."

ಇಂಥದ್ದಕ್ಕೆಲ್ಲ ಎಜೆಯ ಬಾಯಲ್ಲಿ ಉತ್ತರ ಸಿದ್ಧವಿರುತ್ತಿತ್ತು. ಒಂದೇ ಒಂದು ಪ್ರಶ್ನೆ ಬಂದರೆ ಮಾತ್ರ ಅವಳ ಮಾತು ನಿಲ್ಲುತ್ತಿತ್ತು. ಯಾರಾದರೂ ಅಟ್ಟದ ಮೇಲೋ ಹಳೇ ಪೆಟ್ಟಿಗೆಯ ತಳದಲ್ಲೋ ಸಿಕ್ಕಿದ, ಚಲಾವಣೆ ನಿಂತುಹೋದ ರೂಬಲ್ ಕಟ್ಟು ತಂದು, "ಇದು ಬದಲಾಗುತ್ತಾ?" ಎಂದು ಕೇಳಿದಾಗ. ಆಗ ಅವಳು ಆ ಕಟ್ಟನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ಯಾರದು, ಅವರಿದ್ದಾರಾ, ಯಾತಕ್ಕೆ ಇಟ್ಟಿದ್ದರು ಎಂದು ಕೇಳುತ್ತಿದ್ದಳು. ಕೊನೆಗೆ ಬಹಳ ಮೆತ್ತಗೆ "ಇಲ್ಲ" ಅನ್ನುತ್ತಿದ್ದಳು. ಆ ದಿನವೆಲ್ಲ ಅವಳ ಚಹಾ ಆರಿಹೋಗುತ್ತಿತ್ತು.

ಅದರ ಕಾರಣ ನನಗೆ ಗೊತ್ತಾದದ್ದು ನನ್ನ ಹಳೇ ಕಾರಲ್ಲಿ. ಎಜೆಯ ಮನೆ ಊರಾಚೆ ಇತ್ತು, ಸಂಜೆ ನಾನೇ ಬಿಡುತ್ತಿದ್ದೆ. ದಾರಿಯಲ್ಲಿ ಗುಡ್ಡದ ಮೇಲೆ ಗೋರಿಗಳಿವೆ. ಅಲ್ಲಿ ಹಾಯುವಾಗ ನಾವೆಲ್ಲ ಅಂಗೈಯನ್ನು ಮುಖಕ್ಕೆ ಸವರಿಕೊಂಡು ಸತ್ತವರನ್ನು ನೆನೆಯುತ್ತೇವೆ. ಒಂದು ಸಂಜೆ ಹಾಗೆ ಸವರಿಕೊಂಡ ಕೈಯನ್ನು ಎಜೆ ಮುಖದಿಂದ ತೆಗೆಯಲೇ ಇಲ್ಲ.

"ನಮ್ಮ ಆಪಾ ಅಲ್ಲೇ ಇರೋದು," ಅಂದಳು. ಆಪಾ ಎಂದರೆ ನಮ್ಮಲ್ಲಿ ಅಮ್ಮ, ವಯಸ್ಸಾದ ಯಾವ ಹೆಂಗಸನ್ನೂ ಹಾಗೆಯೇ ಕರೆಯುತ್ತೇವೆ. "ನಾನಿನ್ನೂ ಅವಳಿಗೆ ಉತ್ತರ ಕೊಟ್ಟಿಲ್ಲ ಮಾಂಬೆತ್."

ನಮ್ಮಲ್ಲಿ ವಯಸ್ಸಾದ ಹೆಂಗಸರು ಸಾವಿನ ಗಂಟು ಕಟ್ಟಿಡುತ್ತಾರೆ. ತನ್ನ ಮಣ್ಣಿಗೆ, ತನ್ನ ಹೆಸರಲ್ಲಿ ಕುದಿಯುವ ಮಾಂಸದ ಕಡಾಯಿಗೆ, ಅಳಲು ಬಂದ ಹೆಂಗಸರಿಗೆ ಹರಿದು ಹಂಚುವ ಬಟ್ಟೆಗೆ ತನ್ನದೇ ಹಣ ಆಗಬೇಕು. ಬದುಕಿರುವಾಗ ಮಗನ ಕೈ ನೋಡಿದರೂ ಪರವಾಗಿಲ್ಲ, ಸತ್ತ ಮೇಲೆ ಯಾರ ಕೈಯನ್ನೂ ನೋಡಬಾರದು ಅನ್ನುವ ಹಟ ಅದು. ಎಜೆಯ ತಾಯಿಯೂ ಉಣ್ಣೆ ಮಾರಿ, ಮೊಸರಿನ ಉಂಡೆ ಮಾರಿ ಅಂಥ ಗಂಟು ಕಟ್ಟಿದ್ದಳು. ರೂಬಲ್ ಹೋಗಿ ನಮ್ಮದೇ ನೋಟು ಸೋಮ್ ಬಂದ ವಸಂತದಲ್ಲಿ ಅವಳು ಕುರಿ ಮರಿ ಹಾಕುವ ಹುಲ್ಲುಗಾವಲಲ್ಲಿದ್ದಳು. ಕಣಿವೆಯ ದಾರಿ ಹಿಮ ಬಿದ್ದು ಮುಚ್ಚಿಹೋಯಿತು. ಸುದ್ದಿ ತಡವಾಗಿ ಬಂತು, ಅವಳು ಇನ್ನೂ ತಡವಾಗಿ ಕೆಳಗಿಳಿದಳು. ಬದಲಾಯಿಸುವ ಗಡುವು ಮುಗಿದು ಹೋಗಿತ್ತು.

ಆಮೇಲೆ ಬುರ್ಮಾಕನ್ ಎಜೆ ಶಾಲೆಯ ಕೆಲಸ ಬಿಟ್ಟು ಬ್ಯಾಂಕಿಗೆ ಸೇರಿದಳು. ಬ್ಯಾಂಕಿನ ಒಳಗೆ ಕೂತರೆ ಏನಾದರೂ ದಾರಿ ಕಂಡೀತು ಎಂದು ಅವಳೂ ಅಂದುಕೊಂಡಿದ್ದಳೋ ಏನೋ. ತಾಯಿಯಂತೂ ಹಾಗೆಯೇ ನಂಬಿದ್ದಳು. ಮಗಳು ಮನೆಗೆ ಬಂದು ಬೂಟು ಬಿಚ್ಚುವ ಮೊದಲೇ ಒಳಗಿಂದ, "ಬದಲಾಯ್ತೇನೇ?" ಎಂದು ಕೇಳುತ್ತಿದ್ದಳು. "ನಾಳೆ ಆಪಾ" ಎಂದು ಇವಳು ಹೇಳುತ್ತಿದ್ದಳು. ಮುದುಕಿಯ ಬುದ್ಧಿ ಮಸುಕಾಗುತ್ತ ಬಂದು ನೆರೆಯವರ ಹೆಸರು, ಊರಿನ ಹೆಸರು ಎಲ್ಲ ಹೋದವು. ಆ ಪ್ರಶ್ನೆಯೊಂದು ಉಳಿಯಿತು. ಕೇಳುತ್ತ ಕೇಳುತ್ತಲೇ ಅವಳು ಹೋದಳು, ಮಣ್ಣಿನ ಖರ್ಚಿಗೆ ನೆಂಟರಿಷ್ಟರೆಲ್ಲ ಇಷ್ಟಿಷ್ಟು ಕೊಟ್ಟರು.

"ನಾಳೆ ನಾಳೆ ಅಂತ ಸುಳ್ಳು ಹೇಳಿದೆ," ಅಂದಳು ಎಜೆ. "ಈಗ್ಲೂ ಬಾಗಿಲಲ್ಲಿ ಬೂಟು ಬಿಚ್ಚೋವಾಗ ಕಿವಿ ಅತ್ತ ಹೋಗುತ್ತೆ."

ನಾನು ಅವಳ ಮನೆಯವರೆಗೂ ಕಾರನ್ನು ನಿಧಾನಕ್ಕೇ ಓಡಿಸಿದೆ.

ಕಲಿಪಾ ಅನ್ನುವ ಮುದುಕಿ ಬ್ಯಾಂಕಿಗೆ ಬಂದದ್ದು ಪಾಪ್ಲರ್ ಮರದ ಹತ್ತಿ ಊರೆಲ್ಲ ಹಾರಾಡುವ ದಿನಗಳಲ್ಲಿ. ಬಿಸಿಲಲ್ಲಿ ಬಿಳಿ ಎಳೆಗಳು ತೇಲಿ ಬಾಗಿಲೊಳಗೂ ಬರುತ್ತಿದ್ದವು. ಅವುಗಳ ನಡುವೆ, ಆಟ್-ಬಾಷಿ ಕಡೆಯ ಹಳ್ಳಿಯಿಂದ, ತನಗಿಂತ ದಪ್ಪದ ಉಣ್ಣೆಹಾಸಿನ ಸುರುಳಿಯನ್ನು ಮೊಮ್ಮಗಳ ಜೊತೆ ಹೊತ್ತುಕೊಂಡು ಅವಳು ಬಂದಳು. ನಾನು ಅಡ್ಡ ನಿಂತೆ.

"ಆಪಾ, ಇದು ಬ್ಯಾಂಕು. ಹಾಸು ಮಾರೋದು ಸಂತೇಲಿ."

"ಮಾರೋಕೆ ಬಂದಿಲ್ಲ ಕಣೋ, ಬದಲಾಯಿಸೋಕೆ ಬಂದೆ. ಇದರೊಳಗೆ ನನ್ನ ಸಾವು ಐತೆ. ಜರುಗು."

ಜರುಗಿದೆ. ಬೇರೇನು ಮಾಡಲಿ.

ಎಜೆಯ ಮುಂದೆ ಕೂತು ಮುದುಕಿ ಹೇಳಿದ್ದು ಇಷ್ಟು. ಅವಳ ಸಾವಿನ ಗಂಟು ಹಿಂಜಿ ಸುರುಳಿ ಸುತ್ತಿಟ್ಟ ಕಪ್ಪು ಉಣ್ಣೆಯೊಳಗಿತ್ತು. ಒಂದೊಂದು ಸುರುಳಿಯ ಪದರದಲ್ಲಿ ಒಂದೊಂದು ನೋಟು. ಮೊಮ್ಮಗಳು ಬೇಗಾಯಿಮ್‌ಗೆ ಮದುವೆ ನಿಶ್ಚಯವಾಗಿ, ಅವಳು ಗಂಡನ ಮನೆಗೆ ಒಯ್ಯುವ ಹಾಸು ಮಾಡಲು ಕೇರಿಯ ಹೆಂಗಸರೆಲ್ಲ ಸೇರಿದರು. ಟಗರಿನ ಕೊಂಬಿನ ಚಿತ್ತಾರಕ್ಕೆ ಕಪ್ಪು ಉಣ್ಣೆ ಸಾಲದೆ ಬಂದಾಗ ಸೊಸೆ ಒಳಗೆ ಹೋಗಿ ಅತ್ತೆಯ ಚೀಲವನ್ನೇ ಎತ್ತಿ ತಂದಳು. ಹರಟೆ, ಹಾಡು, ನಗುವಿನ ನಡುವೆ ಸುರುಳಿಗಳು ಜೊಂಡಿನ ಚಾಪೆಯ ಮೇಲೆ ಸಾಲಾಗಿ ಕೂತವು. ಹಾಗೆ ಹರಡಿದ ಉಣ್ಣೆಗೆ ಕುದಿನೀರು ಹುಯ್ದು, ಚಾಪೆ ಸಮೇತ ಸುತ್ತಿ ತುಳಿದು ಎಳೆದಾಡಿದರೆ ಅದು ಕೂಡಿಕೊಂಡು ಹಾಸಾಗುತ್ತದೆ.

"ಕುದಿಯೋ ನೀರು ಹುಯ್ದವಳು ಯಾರು ಗೊತ್ತಾ?" ಅಂದಳು ಮುದುಕಿ. "ನಾನೇ. ಗಟ್ಟಿಯಾಗಿ ಸುತ್ತರೇ, ಗಟ್ಟಿಯಾಗಿ ತುಳೀರೇ ಅಂತ ಕೂಗಿದವಳೂ ನಾನೇ. ಕುದುರೆ ಕಟ್ಟಿ ಹೊಲವೆಲ್ಲ ಎಳೆಸಿದವಳೂ ನಾನೇ. ನನ್ನ ಸಾವನ್ನ ನಾನೇ ಬೇಯಿಸಿದೆ."

"ಅಜ್ಜಿಗೆ ಕಣ್ಣು ಸರಿಯಾಗಿ ಕಾಣ್ಸಲ್ಲ ಎಜೆ, ತನ್ನದೇ ಉಣ್ಣೆ ಅಂತ ಗೊತ್ತಾಗ್ಲಿಲ್ಲ," ಅಂದಳು ಬೇಗಾಯಿಮ್. ಅವಳ ಕಣ್ಣು ಅತ್ತು ಕೆಂಪಾಗಿತ್ತು. "ಕತ್ತರಿಸಿ ತೆಗೆಯೋಣ ಅಂದ್ರೆ ಬಿಡ್ತಿಲ್ಲ."

"ಕತ್ತರಿ ಹಾಕಿದ ಹಾಸನ್ನ ಹೊಸ ಮನೆಗೆ ಒಯ್ತೀಯೇನೇ? ಬಾಯಿ ಮುಚ್ಚು."

"ಬ್ಯಾಂಕಲ್ಲಿ ಇಡಬಹುದಿತ್ತಲ್ಲ ಆಪಾ," ಅಂದೆ ನಾನು, ಸುಮ್ಮನಿರಲಾರದೆ.

"ಸಾವಿನ ಗಂಟನ್ನ ಬ್ಯಾಂಕಲ್ಲಿಡ್ತಾರೇನೋ? ನಾನು ಭಾನುವಾರ ಸತ್ರೆ ಬೀಗ ತೆಗೆಯೋಕೆ ನೀನು ಬರ್ತೀಯಾ?"

ಸಾಲಲ್ಲಿದ್ದವರೆಲ್ಲ ನಕ್ಕರು. ಎಜೆ ನಗಲಿಲ್ಲ. ಎದ್ದು ಬಂದು ಹಾಸಿನ ಒಂದು ತುದಿಯನ್ನು ಕಿಟಕಿಯ ಬೆಳಕಿಗೆ ಎತ್ತಿ ಹಿಡಿಯಲು ನನಗೆ ಹೇಳಿದಳು. ಎತ್ತಿದೆ. ದಪ್ಪ ಉಣ್ಣೆಯ ಮೂಲಕ ಏನೂ ಕಾಣಲಿಲ್ಲ. ಅವಳು ಕಣ್ಣು ಮುಚ್ಚಿ ಹಿಂಬದಿಯ ಮೇಲೆ ಅಂಗೈ ಆಡಿಸುತ್ತ ಹೋದಳು. ಕೊಂಬು ಬಾಗುವ ಕಡೆ ಕೈ ನಿಂತಿತು. ಮತ್ತೆ ಸ್ವಲ್ಪ ಮುಂದೆ ನಿಂತಿತು. ಮುದುಕಿ ಉಸಿರು ಹಿಡಿದು ಆ ಕೈಯನ್ನೇ ನೋಡುತ್ತಿದ್ದಳು.

ನಮ್ಮ ಮೇಲಧಿಕಾರಿ ಅಲ್ತಿನ್‌ಬೆಕ್ ಕೋಣೆಯಿಂದ ಹೊರಬಂದ. ಕೆಟ್ಟವನಲ್ಲ, ವಯಸ್ಸು ಚಿಕ್ಕದು, ಟೈ ಬಿಗಿಯಾಗಿ ಕಟ್ಟುತ್ತಾನೆ. "ಎಜೆ, ಹಾಸಿನ ಸಮೇತ ರಾಜಧಾನಿಗೆ ಕಳಿಸಿಬಿಡೋಣ. ಪರೀಕ್ಷೆ ಮಾಡೋರು ಅಲ್ಲಿದ್ದಾರೆ. ಅವರು ಕತ್ತರಿಸಿ ನೋಡಿ ಹೇಳ್ತಾರೆ" ಅಂದ.

"ಎಷ್ಟು ದಿನ ಆಗುತ್ತಪ್ಪ?" ಕಲಿಪಾ ಅಜ್ಜಿ ಕೇಳಿದಳು.

"ಶರತ್ಕಾಲದ ಹೊತ್ತಿಗೆ ಬರಬಹುದು ಆಪಾ."

ಮುದುಕಿ ತನ್ನ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ನೋಡಿಕೊಂಡಳು. ಆಮೇಲೆ ಎಜೆಯ ಕಡೆ ತಿರುಗಿ, ಇದುವರೆಗಿನ ಜೋರೆಲ್ಲ ಇಳಿದ ದನಿಯಲ್ಲಿ ಕೇಳಿದಳು. "ಬದಲಾಗುತ್ತೇನೇ ಮಗಳೇ?"

ಎಜೆಯ ಮುಖದ ಬಣ್ಣ ಹೋಯಿತು. ಹಾಸಿನ ತುದಿ ಹಿಡಿದು ನಿಂತಲ್ಲಿಂದಲೇ ಕಂಡೆ. ಅವಳು ಕೌಂಟರಿನ ಅಂಚು ಹಿಡಿದುಕೊಂಡು ಸ್ವಲ್ಪ ಹೊತ್ತು ನಿಂತಳು. ಪಾಪ್ಲರ್ ಹತ್ತಿಯ ಎಳೆಯೊಂದು ಅವಳ ಕೂದಲ ಮೇಲೆ ಬಂದು ಕೂತಿತ್ತು, ಅದೂ ಗೊತ್ತಾಗದಷ್ಟು ದೂರ ಹೋಗಿದ್ದಳು. ಈ ಸಲ ನಾನು ಬೂಟು ಕುಟ್ಟಲಿಲ್ಲ.

"ಇವತ್ತೇ ನೋಡೋಣ ಆಪಾ," ಅಂದಳು ಕೊನೆಗೆ. ಅಲ್ತಿನ್‌ಬೆಕ್ ಕಡೆ ತಿರುಗಿದಳು. "ಗ್ರಾಹಕರ ಎದುರಿಗೇ, ಕ್ಯಾಮೆರಾ ಕೆಳಗೇ ತೆಗೀತೀನಿ. ಕತ್ತರಿ ಬೇಡ. ನನಗೆ ಬಿಸಿನೀರು ಬೇಕು, ಸಾಬೂನು ಬೇಕು."

"ಬ್ಯಾಂಕಲ್ಲಾ?"

"ಮತ್ತೆ ನಿನ್ನ ಕೋಣೇಲಾ?"

ಹಾಸನ್ನು ನೆಲದ ಮೇಲೆ ಬೋರಲು ಹಾಸಿದೆವು. ಎಜೆ ದಪ್ಪ ಸೂಜಿಯಿಂದ ಹಿಂಬದಿಯ ಉಣ್ಣೆಯನ್ನು ಎಳೆ ಎಳೆಯಾಗಿ ಬಿಡಿಸತೊಡಗಿದಳು. ಕತ್ತರಿ ಹಾಕಿದ ಉಣ್ಣೆ ಕೂಡುವುದಿಲ್ಲ. ಬಿಡಿಸಿದ ಉಣ್ಣೆಗೆ ಒಂದು ಹಿಡಿ ಹೊಸ ಉಣ್ಣೆ ಇಟ್ಟು ಬಿಸಿನೀರು ಸಾಬೂನು ಹಾಕಿ ತಿಕ್ಕಿದರೆ ಮತ್ತೆ ಕೂಡಿಕೊಳ್ಳುತ್ತದೆ. ಇದು ಇಲ್ಲಿ ಪ್ರತಿ ಹೆಣ್ಣಿಗೂ ಗೊತ್ತಿರುವ ಮಾತು, ಬ್ಯಾಂಕಿನ ನೆಲದ ಮೇಲೆ ಯಾರಿಗೂ ನೆನಪಾಗಿರಲಿಲ್ಲ ಅಷ್ಟೇ. ಸಾಲಲ್ಲಿದ್ದ ಹೆಂಗಸೊಬ್ಬಳು ಕೈಚೀಲ ಬದಿಗಿಟ್ಟು ಮಂಡಿಯೂರಿದಳು. ಅವಳ ಹಿಂದೆ ಇನ್ನೊಬ್ಬಳು ಕೂತಳು. ಬೇಗಾಯಿಮ್ ಸಂತೆಗೆ ಓಡಿ ಉಣ್ಣೆ ತಂದಳು, ನಾನು ಕೆಟಲ್ ಹಿಡಿದು ಓಡಾಡಿದೆ. ಮಿಷನ್ನು ಓಡಿಸಿ ಅನ್ನುತ್ತಿದ್ದ ಪಿಂಚಣಿ ಮುದುಕ ಕುರ್ಚಿಯ ಮೇಲೆ ಕೂತು, "ಹಿಂಗೆ ಮಾಡಿದ್ರೂ ನೋಟು ಬರುತ್ತೆ ಅಂತ ಮೊದಲೇ ಹೇಳಬಾರ್ದಿತ್ತಾ" ಅಂದ.

ಮೊದಲ ನೋಟು ಹೊರಬಂದಾಗ ಯಾರೂ ಮಾತಾಡಲಿಲ್ಲ. ಅದರ ಮೈಯೆಲ್ಲ ಕಪ್ಪು ರೋಮ ಬೆಳೆದಿತ್ತು. ಎಜೆ ಅದನ್ನು ಅಂಗೈ ಮೇಲಿಟ್ಟು ಬೆರಳಿಂದ ನಯವಾಗಿ ಸವರಿದಳು. ಬಣ್ಣ ಸ್ವಲ್ಪ ಹೋಗಿತ್ತು, ಮುಖ ಇತ್ತು, ಸಂಖ್ಯೆ ಇತ್ತು. "ಚೆನ್ನಾಗಿದೆ" ಅಂದಳು. ಮುದುಕಿ ಕಣ್ಣು ಮುಚ್ಚಿ ತುಟಿ ಅಲುಗಿಸಿದಳು. ಹೀಗೆ ಬಿಸಿಲು ಒಂದು ಗೋಡೆಯಿಂದ ಇನ್ನೊಂದು ಗೋಡೆಗೆ ಸರಿಯುವವರೆಗೆ ನಡೆಯಿತು. ಒದ್ದೆ ಉಣ್ಣೆಯ ವಾಸನೆ ತುಂಬಿ ಬ್ಯಾಂಕು ಬ್ಯಾಂಕಿನ ಹಾಗೆ ಇರಲಿಲ್ಲ. ಹೆಂಗಸರು ಅಂಗೈಯಿಂದ ತಿಕ್ಕುತ್ತ ಮೆಲ್ಲಗೆ ಏನೋ ಗುನುಗುತ್ತಿದ್ದರು. ಅಲ್ತಿನ್‌ಬೆಕ್ ಟೈಯನ್ನು ಭುಜದ ಮೇಲೆ ಹಾಕಿಕೊಂಡು ಕೂತು ನೋಟುಗಳನ್ನು ಒಣಗಿಸುತ್ತಿದ್ದ. ನನಗೆ ಇದೆಲ್ಲ ನಿಜವಾಗಿ ನಡೆಯುತ್ತಿದೆಯೋ, ನಿಂತಲ್ಲೇ ನಿದ್ದೆ ಹತ್ತಿ ಕನಸು ಬಿದ್ದಿದೆಯೋ ತಿಳಿಯದಾಯಿತು. ಅಷ್ಟು ಸಂತೋಷವಾಗಿತ್ತು.

ಕೊನೆಯ ನೋಟು ಹರಿದು ಬಂತು. ತುಳಿತಕ್ಕೆ ಸಿಕ್ಕಿ ತುಂಡಾಗಿ, ಉಳಿದದ್ದು ಮಡಿಲ ಮಗುವಿನ ಅಂಗೈಯಷ್ಟಿತ್ತು. ಎಜೆ ಸುತ್ತಲಿನ ಉಣ್ಣೆಯನ್ನೆಲ್ಲ ಹುಡುಕಿದಳು. ಇನ್ನೊಂದು ತುಂಡು ಸಿಗಲಿಲ್ಲ. ಅದನ್ನು ಗಾಜಿನ ಮೇಲಿಟ್ಟು ಅಳೆದಳು, ಮತ್ತೊಂದು ಸಲ ಅಳೆದಳು. ಅಲ್ತಿನ್‌ಬೆಕ್ ಬೇರೆ ಕಡೆ ನೋಡಿದ. ಅರ್ಧ ಇದೆ ಎಂದು ಎಜೆ ಒಂದು ಮಾತು ಹೇಳಿದ್ದರೆ ಅವನು ಹಾಗೆಯೇ ಬೇರೆ ಕಡೆ ನೋಡುತ್ತಿದ್ದನೋ ಏನೋ.

"ಇದು ಅರ್ಧ ಇಲ್ಲ ಆಪಾ," ಅಂದಳು ಎಜೆ. "ಇದು ಆಗಲ್ಲ."

ಇಷ್ಟೆಲ್ಲ ಮಾಡಿದ ಮೇಲೂ ಅವಳ ಬಾಯಲ್ಲಿ ಅದೇ "ಇಲ್ಲ" ಬಂತಲ್ಲ ಎಂದುಕೊಂಡು ನಾನು ಕೆಟಲ್ ಕೆಳಗಿಟ್ಟೆ.

ಕಲಿಪಾ ಅಜ್ಜಿ ಆ ತುಂಡನ್ನು ಇಸಿದುಕೊಂಡು ಕಣ್ಣಿನ ಹತ್ತಿರ ಹಿಡಿದು ನೋಡಿದಳು. ಆಮೇಲೆ ಬಗ್ಗಿ, ತೆಗೆದ ಜಾಗದಲ್ಲೇ, ಉಣ್ಣೆಯ ಗೂಡಿನೊಳಗೆ ಇಟ್ಟಳು.

"ನಿನಗೆ ಆಗಲ್ಲ, ಇದಕ್ಕೆ ಆಗುತ್ತೆ," ಅಂದಳು. "ಇದರ ಮೇಲೆ ಬೇಗಾಯಿಮ್ ಮಗು ಅಂಬೆಗಾಲಿಡುತ್ತೆ. ನಾನು ನೋಡೋಕೆ ಇರ್ತೀನಾ? ಅದರ ಮುಖ ನೋಡಿದ ಕಾಣಿಕೆ ಈಗಲೇ ಕೊಟ್ಟಿದೀನಿ. ಮುಚ್ಚು ಮಗಳೇ."

ಎಜೆ ಅದರ ಮೇಲೆ ಒಂದು ಹಿಡಿ ಉಣ್ಣೆ ಇಟ್ಟಳು. ಸಾಬೂನು ಸವರಿದಳು. ಅಂಗೈಯಿಂದ ತಿಕ್ಕುತ್ತ ತಿಕ್ಕುತ್ತ ಬಹಳ ಹೊತ್ತು ತಲೆ ಎತ್ತಲಿಲ್ಲ. ಉಳಿದ ನೋಟುಗಳಿಗೆ ಬದಲಾಗಿ ಹೊಸ ನೋಟು ಕೊಟ್ಟಳು, ಗರಿಗರಿಯಾದವು. ಮುದುಕಿ ಅವನ್ನು ಎದೆಯೊಳಗೆ ಸೇರಿಸಿಕೊಂಡು, ಹೊರಡುವಾಗ ಎಜೆಯ ಹಣೆಯನ್ನು ಮೂಸಿ ಮುತ್ತಿಟ್ಟು, "ನನ್ನ ಮಣ್ಣಿಗೆ ಬಾ" ಎಂದು ಕರೆದಳು, ಮದುವೆಗೆ ಕರೆದ ಹಾಗೆ.

ಅದೇ ವರ್ಷ ಮದುವೆ ಆಯಿತು. ಮೊದಲ ಹಿಮ ಬಿದ್ದ ವಾರ ಕಲಿಪಾ ಅಜ್ಜಿ ಹೋದಳು. ಭಾನುವಾರವೇ. ಬೇಗಾಯಿಮ್ ಫೋನು ಮಾಡಿ ಹೇಳಿದಾಗ ಎಜೆ ಒಂದು ಕ್ಷಣ ನಕ್ಕು, ಆಮೇಲೆ ಅತ್ತಳು. ನಾವು ಕಾರಲ್ಲಿ ಹೋದೆವು. ಅಂಗಳದಲ್ಲಿ ಕಡಾಯಿ ಕುದಿಯುತ್ತಿತ್ತು. ಹೆಣವಿಟ್ಟ ಡೇರೆಯೊಳಗಿಂದ ಹೆಂಗಸರ ಅಳುವಿನ ಹಾಡು ಬರುತ್ತಿತ್ತು. ಮುದುಕಿಯ ಮಗ ಬಂದವರಿಗೆಲ್ಲ ಒಂದೇ ಮಾತು ಹೇಳುತ್ತಿದ್ದ, "ನಮ್ಮದೇನೂ ಇಲ್ಲ, ಎಲ್ಲ ಅಮ್ಮನದೇ" ಅಂತ. ಹೇಳುವಾಗ ಅವನ ಬೆನ್ನು ನೆಟ್ಟಗಿತ್ತು.

ಬಟ್ಟೆ ಹರಿಯುವ ಸದ್ದು ಹೊರಗಿದ್ದ ನನಗೂ ಕೇಳಿಸಿತು. ಎಜೆ ಡೇರೆಯಿಂದ ಬಂದಾಗ ಅವಳ ಕೈಯಲ್ಲಿ ಮುದುಕಿಯ ಹಣದಿಂದ ತಂದ ಬಟ್ಟೆಯ ಒಂದು ತುಂಡಿತ್ತು, ಬಿಳಿ ನೆಲದ ಮೇಲೆ ಸಣ್ಣ ನೀಲಿ ಹೂವು. ಅದನ್ನು ಮಡಚಿ ಚೀಲಕ್ಕೆ ಹಾಕಲಿಲ್ಲ. ಬೆರಳಿಗೆ ಸುತ್ತಿಕೊಂಡು ಕಾರಲ್ಲಿ ಕೂತಳು. ಹಿಮ ಮೆಲ್ಲಗೆ ಬೀಳುತ್ತಿತ್ತು. ಪಾಪ್ಲರ್ ಹತ್ತಿಯೇ ಮತ್ತೆ ಬಂತೇನೋ ಅನ್ನಿಸುತ್ತಿತ್ತು.

ನಮ್ಮ ಊರಿನ ಗೋರಿಗಳ ಗುಡ್ಡ ಬಂತು. ನಾನು ಸ್ಟೇರಿಂಗ್ ಬಿಟ್ಟು ಅಂಗೈ ಎತ್ತಿದೆ.

"ನಿಲ್ಲಿಸು ಮಾಂಬೆತ್."

ನಿಲ್ಲಿಸಿದೆ. ಅವಳು ಇಳಿಯಲಿಲ್ಲ. ಗಾಜು ಇಳಿಸಿದಳು. ತಣ್ಣನೆ ಗಾಳಿ ಒಳಗೆ ಬಂತು. ಬೆರಳಿಂದ ಆ ಬಟ್ಟೆಯ ತುಂಡನ್ನು ಬಿಚ್ಚಿ, ಕೈ ಹೊರಗೆ ಚಾಚಿ, ಗುಡ್ಡದ ಕಡೆಗೆ ಹಿಡಿದಳು. ನೀಲಿ ಹೂವಿನ ಮೇಲೆ ಹಿಮ ಬಿದ್ದು ಕರಗಿತು.

"ಬದಲಾಯ್ತು ಆಪಾ," ಅಂದಳು.

ಅವಳ ಮನೆಯ ಮುಂದೆ ಬಿಟ್ಟಾಗ ಬಾಗಿಲು ತೆರೆದೇ ಇತ್ತು. ಎಜೆ ಹೊಸ್ತಿಲಲ್ಲಿ ಕೂತು ಬೂಟು ಬಿಚ್ಚಿದಳು. ಒಂದು, ಆಮೇಲೆ ಇನ್ನೊಂದು. ನಡುವೆ ನಿಂತು ಕಿವಿಗೊಡಲಿಲ್ಲ. ಎರಡನ್ನೂ ಗೋಡೆಗೆ ಒರಗಿಸಿ ಒಳಗೆ ಹೋದಳು.